ಮೇಷ್ಟ್ರನ್ನು ಕೇಳಿ: ವಿಜ್ಞಾನದ ಪೀರಿಯಡ್‌ನಲ್ಲಿ ಮಕ್ಕಳು ಏನು ಕಲಿಯಬೇಕು?

ಆರು, ಏಳು, ಎಂಟನೇ ಕ್ಲಾಸಿನ ವಿಜ್ಞಾನದ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಅಂತ ಹೋದ ತಿಂಗಳು ಹೇಳಿದ್ದೆ. ಅಪ್ಪ ಅಮ್ಮಂದಿರು ಬರೆದಿದ್ದಾರೆ, ಶಿಕ್ಷಕರು ಬರೆದಿದ್ದಾರೆ, ಒಬ್ಬಳು ಹುಡುಗಿಯೂ ಬರೆದಿದ್ದಾಳೆ. ಮೂವತ್ತು ವರ್ಷ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇದೇ ಪಾಠ ಮಾಡಿದವನು ನಾನು. ಆರು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆಯುತ್ತಾನೆ. ಪುಸ್ತಕದಲ್ಲಿ ಇಲ್ಲದ್ದು ಒಂದು ಕೇಳಿದರೆ ಮಾತ್ರ ಸುಮ್ಮನೆ ಮುಖ ನೋಡುತ್ತಾನೆ. ಈ ವಯಸ್ಸಿಗೆ ಅವನು ನಿಜವಾಗಿ ಏನು ಕಲಿತಿರಬೇಕು?
— ಒಬ್ಬ ತಂದೆ, ತುಮಕೂರು

ಒಂದೇ ಒಂದು ಕಲಿತಿದ್ದರೆ ಸಾಕು ಅಂತೀನಿ ನಾನು. "ಇದು ನಿನಗೆ ಹೇಗೆ ಗೊತ್ತು?" ಅಂತ ಕೇಳಿದರೆ "ಪುಸ್ತಕದಲ್ಲಿದೆ", "ಮಿಸ್ ಹೇಳಿದರು" ಅನ್ನೋದು ಬಿಟ್ಟು ಬೇರೆ ಉತ್ತರ ಅವನ ಹತ್ತಿರ ಇರಬೇಕು. "ಅಳೆದು ನೋಡಿದೆ", "ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ" ಅನ್ನೋ ಥರದ್ದು.

ಈ ಭಾನುವಾರ ಹೀಗೆ ಮಾಡಿ. ಒಂದು ದಾರಕ್ಕೆ ಬೀಗ ಕಟ್ಟಿ. ದಾರದ ಮೇಲಿನ ತುದಿಯಿಂದ ಬೀಗದ ನಡುವಿನ ತನಕ ಸರಿಯಾಗಿ ಒಂದು ಮೀಟರ್ ಇರಲಿ. ಬಾಗಿಲ ಚೌಕಟ್ಟಿನ ಮೊಳೆಗೆ ನೇತು ಹಾಕಿ, ಸ್ವಲ್ಪ ಪಕ್ಕಕ್ಕೆ ಎಳೆದು ಬಿಡಿ. ಹೋಗಿ ವಾಪಸ್ ಬಂದರೆ ಒಂದು ತೂಗು. ಹತ್ತು ತೂಗಿಗೆ ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡಲಿ. ಮೊದಲ ಸಲ ಹದಿನೆಂಟು ಸೆಕೆಂಡು ಅಂತಾನೆ, ನೋಡ್ತಾ ಇರಿ. ಎಷ್ಟೋ ಮಕ್ಕಳಿಗೆ ಹಾಗೇ ಬರುತ್ತೆ, ಯಾಕೆಂದರೆ ಬೀಗ ಬಿಡುವಾಗಲೇ "ಒಂದು" ಅಂತ ಎಣಿಸಲು ಶುರು ಮಾಡುತ್ತಾರೆ. ಎಣಿಸಿದ್ದು ಹತ್ತು, ಆಗಿದ್ದು ಒಂಬತ್ತು ತೂಗು. ಬಿಡುವಾಗ "ಸೊನ್ನೆ" ಅನ್ನಬೇಕು. ಇದನ್ನು ನೀವು ಹೇಳಬೇಡಿ. ಇಬ್ಬರೂ ಎಣಿಸಿ. ನಿಮ್ಮ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ಎರಡು ಸೆಕೆಂಡು ವ್ಯತ್ಯಾಸ ಬಂದಾಗ ಯಾಕೆ ಅಂತ ಅವನೇ ಹುಡುಕಲಿ. ಸರಿಯಾಗಿ ಎಣಿಸಿದರೆ ಇಪ್ಪತ್ತು ಸೆಕೆಂಡು.

ಈಗ ಇನ್ನೂ ಭಾರದ ಬೀಗ ಕಟ್ಟಿದರೆ ಏನಾಗುತ್ತೆ ಅಂತ ಕೇಳಿ. ಬೇಗ ತೂಗುತ್ತೆ ಅಂತಾನೆ, ದೊಡ್ಡವರೂ ಹಾಗೇ ಅಂತಾರೆ. ಕಟ್ಟಿ ನೋಡಲಿ, ಉದ್ದ ಮಾತ್ರ ಮತ್ತೆ ಸರಿಯಾಗಿ ಅಳೆಯಲಿ. ಆಗಲೂ ಇಪ್ಪತ್ತೇ. ಆಮೇಲೆ ದಾರ ಅರ್ಧ ಮಾಡಿ, 50 ಸೆಂಟಿಮೀಟರ್. ಹತ್ತು ಸೆಕೆಂಡು ಬರುತ್ತೆ ಅಂತ ಕಾಯುತ್ತಾನೆ, ಬರೋದು ಹದಿನಾಲ್ಕು. ತಪ್ಪಾಯಿತು ಅಂದುಕೊಂಡು ಮತ್ತೆ ಮಾಡುತ್ತಾನೆ. ಮತ್ತೆ ಹದಿನಾಲ್ಕು. ಹತ್ತು ಸೆಕೆಂಡು ಬರಬೇಕಾದರೆ ದಾರ ಕಾಲು ಮೀಟರ್ ಆಗಬೇಕು.

ಆ ಎರಡನೇ ಹದಿನಾಲ್ಕು ಬಂದಾಗ ಅವನ ಮುಖ ನೋಡಿ. ಮನಸ್ಸಿನಲ್ಲಿ ಒಂದು ಲೆಕ್ಕ ಇತ್ತು, ಕಣ್ಣೆದುರಿಗೆ ಬೇರೆಯದು ಬಂತು, ಈಗ ಯಾವುದನ್ನು ನಂಬಬೇಕು ಅಂತ ಅವನೇ ತೀರ್ಮಾನ ಮಾಡಬೇಕು. ಲೋಲಕದ ವ್ಯಾಖ್ಯೆಯನ್ನು ಹತ್ತು ಸಲ ಬರೆಸಿದರೂ ಮಗುವಿಗೆ ಆ ಕ್ಷಣ ಸಿಗುವುದಿಲ್ಲ. ಮೂರು ವರ್ಷದಲ್ಲಿ ಇಂಥದ್ದು ಇಪ್ಪತ್ತು ಮೂವತ್ತು ಸಲ ಆಗಿದ್ದರೆ ಆ ಮಗು ವಿಜ್ಞಾನ ಕಲಿತಿದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ, ಮಾರ್ಕ್ಸ್ ಎಷ್ಟೇ ಬಂದಿರಲಿ.

ಪ್ರಶ್ನೆ: ಆರನೇ ಕ್ಲಾಸಿನಿಂದಲೇ ನೀಟ್ ಫೌಂಡೇಶನ್ ಕೋಚಿಂಗ್‌ಗೆ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಹಾಕಲಾ?
— ಒಬ್ಬ ತಾಯಿ, ಮಂಗಳೂರು

ಬೇಡಮ್ಮ. ಅಲ್ಲಿ ಕಲಿಸೋದು ನಾಲ್ಕು ಉತ್ತರದಲ್ಲಿ ಒಂದನ್ನು ಬೇಗ ಆರಿಸೋದು. ಹನ್ನೊಂದು ವರ್ಷದ ಮಗು ಪ್ರಶ್ನೆ ಹುಟ್ಟಿಸೋದನ್ನು ಕಲಿಯಬೇಕು, ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡೋದನ್ನು ಕಲಿಯಬೇಕು. ಆ ವಯಸ್ಸು ಮತ್ತೆ ಬರುವುದಿಲ್ಲ. ಡಾಕ್ಟರ್ ಆಗಬೇಕು ಅಂತ ಮಗುವಿಗೇ ಆಸೆ ಇದ್ದರೆ ಪಿಯುಸಿ ಹೊತ್ತಿಗೆ ತಯಾರಿ ಮಾಡಿಕೊಳ್ಳಲು ಸಮಯ ಇದೆ. ಕೋಚಿಂಗಿಗೆ ಕೊಡುವ ದುಡ್ಡಿನಲ್ಲಿ ಒಂದು ಒಳ್ಳೆ ಭೂತಗನ್ನಡಿ ಕೊಡಿಸಿ, ಇನ್ನೂ ಸಾಕಷ್ಟು ಉಳಿಯುತ್ತೆ.

ಪ್ರಶ್ನೆ: ನಮ್ಮದು ಹಳ್ಳಿ ಶಾಲೆ. ಲ್ಯಾಬ್ ಇಲ್ಲ, ಬೀಗ ಹಾಕಿದ ಒಂದು ಬೀರು ಇದೆ, ಅದರಲ್ಲಿ ಒಡೆದ ಪ್ರನಾಳಗಳಿವೆ. ಪ್ರಯೋಗ ಮಾಡಿಸಿ ಅಂತ ಎಲ್ಲರೂ ಹೇಳ್ತಾರೆ, ಯಾವುದರಲ್ಲಿ ಮಾಡಿಸೋದು ಸರ್?
— ಒಬ್ಬ ಶಿಕ್ಷಕಿ, ಸುರಪುರ ತಾಲ್ಲೂಕು

ಮೇಡಂ, ನಿಮ್ಮ ಕಷ್ಟ ನನಗೆ ಗೊತ್ತು. ನಾನು ಸೇರಿದ ಮೊದಲ ಶಾಲೆಯಲ್ಲಿ ಆ ಬೀರೂನೂ ಇರಲಿಲ್ಲ.

ಮಧ್ಯಪ್ರದೇಶದಲ್ಲಿ ನಡೆದದ್ದು ಒಂದು ಹೇಳುತ್ತೇನೆ. 1972ರಲ್ಲಿ ಹೋಶಂಗಾಬಾದ್ ಜಿಲ್ಲೆಯ 16 ಹಳ್ಳಿ ಶಾಲೆಗಳಲ್ಲಿ, ಆರರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ, ಬರೀ ಪ್ರಯೋಗದಿಂದಲೇ ವಿಜ್ಞಾನ ಕಲಿಸಬಹುದಾ ಅಂತ ನೋಡಲು ಹೊರಟರು. ಶುರು ಮಾಡಿದ್ದು ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಅನ್ನೋ ಎರಡು ಸಂಸ್ಥೆಗಳು. ಮುಂದೆ 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ವಹಿಸಿಕೊಂಡಿತು. ಮಕ್ಕಳು ನಾಲ್ಕು ನಾಲ್ಕು ಜನ ಕೂತು ಪ್ರಯೋಗ ಮಾಡುತ್ತಿದ್ದರು, ಸಾಮಾನೆಲ್ಲ ಅಗ್ಗದ್ದು, ಇಂಜೆಕ್ಷನ್ ಬಾಟಲಿ ಥರದ್ದು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಿ ಬರೆಯಬಹುದಿತ್ತು, ಯಾಕೆಂದರೆ ನೆನಪನ್ನು ಅಲ್ಲಿ ಪರೀಕ್ಷೆ ಮಾಡುತ್ತಲೇ ಇರಲಿಲ್ಲ. ಸವಾಲಿರಾಮ್ ಅಂತ ಒಂದು ಕಾಲ್ಪನಿಕ ವ್ಯಕ್ತಿ, ಅವನಿಗೆ ಮಕ್ಕಳು ಏನು ಬೇಕಾದರೂ ಕೇಳಿ ಪತ್ರ ಬರೆಯುತ್ತಿದ್ದರು, ಉತ್ತರ ಬರುತ್ತಿತ್ತು. ಮೂವತ್ತು ವರ್ಷ ನಡೆಯಿತು. 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು. ನನಗೆ ಇವತ್ತಿಗೂ ಅದು ಬೇಜಾರು. ನಿಂತು ಹೋದರೂ ಅವರು ತೋರಿಸಿದ್ದು ತೋರಿಸಿದ್ದೇ: ಬಡ ಶಾಲೆಯಲ್ಲೂ ಆಗುತ್ತೆ.

ನಾಳೆಯಿಂದಲೇ ಶುರು ಮಾಡಬೇಕು ಅಂದರೆ ಕೆಂಪು ದಾಸವಾಳ ಹಿಡಿದುಕೊಳ್ಳಿ. ಎಸಳನ್ನು ಬಿಳಿ ಕಾಗದದ ಮೇಲೆ ತಿಕ್ಕಿದರೆ ನೇರಳೆ ಬಣ್ಣ ಹತ್ತುತ್ತೆ. ಒಣಗಿದ ಮೇಲೆ ನಿಂಬೆರಸ ಹಾಕಿದರೆ ಗುಲಾಬಿ, ಸುಣ್ಣದ ತಿಳಿ ಹಾಕಿದರೆ ಹಸಿರು. ಇನ್ನೊಂದು ಕಾಗದಕ್ಕೆ ಅರಿಶಿನ ಹಚ್ಚಿ. ಸುಣ್ಣದ ತಿಳಿಗೂ ಸೋಪಿಗೂ ಅದು ಕೆಂಪಾಗುತ್ತೆ, ಕುಂಕುಮ ಮಾಡೋದನ್ನು ನೋಡಿದ ಮಕ್ಕಳು ತಾವೇ ಹೇಳಿಬಿಡುತ್ತಾರೆ. ನಿಂಬೆರಸಕ್ಕೆ ಅರಿಶಿನ ಬದಲಾಗುವುದೇ ಇಲ್ಲ, ಬರೀ ನೀರಿಗೂ ಇಲ್ಲ. ಇಲ್ಲಿ ನಿಲ್ಲಿಸಿ ಕೇಳಿ: ಅರಿಶಿನದ ಕಾಗದ ಒಂದೇ ಇದ್ದರೆ, ಒಂದು ಲೋಟದಲ್ಲಿ ಇರೋದು ಹುಳಿ ನೀರೋ ಸಾದಾ ನೀರೋ ಹೇಗೆ ಗೊತ್ತಾಗುತ್ತೆ? ಗೊತ್ತಾಗಲ್ಲ, ಅಲ್ವಾ? ಒಂದು ಪರೀಕ್ಷೆ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದು ದೊಡ್ಡ ಪಾಠ. ಆಮ್ಲ, ಪ್ರತ್ಯಾಮ್ಲ ಅನ್ನೋ ಪದ ಅದಾದ ಮೇಲೆ ಬೋರ್ಡಿನ ಮೇಲೆ ಬರಲಿ. ಸುಣ್ಣದ ತಿಳಿಯನ್ನು ಮಾತ್ರ ನೀವೇ ಹನಿಸಿ, ಕಣ್ಣಿಗೆ ಹಾರಿದರೆ ಕಷ್ಟ.

ಇನ್ನೊಂದು ನಿಮ್ಮ ಹೊಲದ್ದೇ. ಮೂರು ತಟ್ಟೆ, ಒಂದೊಂದರಲ್ಲಿ ಇಪ್ಪತ್ತು ಜೋಳದ ಕಾಳು. ಒಂದು ಒಣ, ಒಂದು ಒದ್ದೆ ಬಟ್ಟೆಯಲ್ಲಿ, ಒಂದು ಪೂರ್ತಿ ನೀರಿನಲ್ಲಿ ಮುಳುಗಿಸಿ. ನಾಲ್ಕು ದಿನ ಎಣಿಸಿ ಬರೆಯಲಿ. ಮೂರನೇ ತಟ್ಟೆಯಲ್ಲಿ ಎಷ್ಟು ಮೊಳಕೆ ಬರುತ್ತೆ ಅಂತ ಮೊದಲೇ ಎಲ್ಲರ ಕೈಲೂ ಹೇಳಿಸಿ. ಮಳೆ ಜಾಸ್ತಿಯಾಗಿ ಹೊಲದಲ್ಲಿ ನೀರು ನಿಂತರೆ ಏನಾಗುತ್ತೆ ಅನ್ನೋದಕ್ಕೆ ಅವರೇ ಬರುತ್ತಾರೆ.

ಪ್ರಶ್ನೆ: ದ್ಯುತಿಸಂಶ್ಲೇಷಣೆ, ಬಾಷ್ಪೀಕರಣ, ಇವನ್ನೆಲ್ಲ ಹೇಳೋಕೇ ಮಗಳಿಗೆ ಕಷ್ಟ. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಸುಲಭ ಆಗುತ್ತಾ?
— ಒಬ್ಬ ತಂದೆ, ಶಿವಮೊಗ್ಗ

ಇಂಗ್ಲಿಷಿನಲ್ಲೂ ಅವಳಿಗೆ ಅವು ಅಷ್ಟೇ ಹೊಸ ಪದಗಳು. ತೊಂದರೆ ಇರೋದು ಪದ ಮೊದಲು ಬಂದು ವಿಷಯ ಆಮೇಲೆ ಬರೋದರಲ್ಲಿ. ಬೇಸಿಗೆಯಲ್ಲಿ ಮಣ್ಣಿನ ಮಡಕೆ ಹೊರಗಿನಿಂದ ಮುಟ್ಟಿಸಿ, ತೇವ ಇರುತ್ತೆ. ಒಳಗಿನ ನೀರು ಸಣ್ಣಗೆ ಹೊರಗೆ ಜಿನುಗಿ ಆವಿಯಾಗುತ್ತೆ, ಆವಿಯಾಗುವಾಗ ಮಡಕೆಯ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತೆ, ಅದಕ್ಕೆ ನೀರು ತಣ್ಣಗೆ. ಬೆವರಿದಾಗ ಫ್ಯಾನ್ ಹಾಕಿದರೆ ಹಿತ ಅನ್ನಿಸೋದೂ ಇದೇ ಕಾರಣಕ್ಕೆ. ಇಷ್ಟು ಅವಳ ಮಾತಿನಲ್ಲಿ ಅವಳು ಹೇಳಿದ ಮೇಲೆ, ಇದಕ್ಕೆ ಬಾಷ್ಪೀಕರಣ ಅಂತಾರೆ ಅನ್ನಿ. ಒಂದು ಹೆಸರು ತಾನೇ, ಹಿಡಿಯುತ್ತಾಳೆ.

ಪ್ರಶ್ನೆ: ಹದಿಹರೆಯದ ಪಾಠವನ್ನು "ಮನೆಯಲ್ಲಿ ಓದಿಕೊಳ್ಳಿ" ಅಂತ ಬಿಟ್ಟುಬಿಟ್ಟಿದ್ದಾರೆ. ಮಗಳು ನನ್ನನ್ನು ಕೇಳ್ತಾಳೆ. ನನಗೂ ಹೇಳೋಕೆ ಸಂಕೋಚ. ಅದು ಬೇಕೇ ಬೇಕಾ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಬೇಕೇ ಬೇಕು. ಒಂದೇ ಪಾಠ ಮಾಡಲು ಟೈಮಿದೆ ಅಂದರೆ ನಾನು ಅದನ್ನೇ ಮಾಡುತ್ತೇನೆ. ಗರ್ಭಕೋಶದ ಒಳಪದರ ತಿಂಗಳು ತಿಂಗಳು ಬೆಳೆದು, ಬೇಡವಾದಾಗ ಕಳಚಿ ಹೊರಗೆ ಬರೋದೇ ಮುಟ್ಟು, ಅದರಲ್ಲಿ ಮೈಲಿಗೆ ಏನೂ ಇಲ್ಲ ಅನ್ನೋದು ಹುಡುಗಿಗೆ ಮೊದಲ ಸಲ ರಕ್ತ ಕಾಣುವುದಕ್ಕೆ ಮುಂಚೆ ಗೊತ್ತಿರಬೇಕು. ಇಲ್ಲದಿದ್ದರೆ ತನಗೆ ದೊಡ್ಡ ಕಾಯಿಲೆ ಬಂತು ಅಂತ ಅಳುತ್ತಾಳೆ, ಹಾಗೆ ಅತ್ತ ಮಕ್ಕಳನ್ನು ನಾನು ಕಂಡಿದ್ದೇನೆ. ಶುರುವಿನ ಒಂದೆರಡು ವರ್ಷ ದಿನ ಹೆಚ್ಚುಕಮ್ಮಿ ಆಗೋದು ಮಾಮೂಲು ಅಂತಲೂ ಹೇಳಿ. ಇದೆಲ್ಲ ಹುಡುಗರಿಗೂ ಅದೇ ಕ್ಲಾಸಿನಲ್ಲಿ ಗೊತ್ತಾಗಲಿ. ಅವರ ದನಿ ಒಡೆಯೋದು, ರಾತ್ರಿ ನಿದ್ದೆಯಲ್ಲಿ ವೀರ್ಯ ಹೋಗೋದು, ಇವೂ ಕಾಯಿಲೆಯಲ್ಲ ಅಂತ ಯಾರೂ ಹೇಳದೆ ಎಷ್ಟು ಹುಡುಗರು ಒಳಗೊಳಗೇ ಹೆದರಿಕೊಂಡಿರುತ್ತಾರೆ!

ಆ ಪಾಠದಲ್ಲೇ ಇನ್ನೊಂದು ಮಾತಿದೆ. ಮಗು ಗಂಡೋ ಹೆಣ್ಣೋ ಅನ್ನೋದು ತಂದೆಯ ವೀರ್ಯಾಣುವಿನಿಂದ ನಿರ್ಧಾರ ಆಗುತ್ತೆ. ತಾಯಿಯಿಂದ ಯಾವಾಗಲೂ ಎಕ್ಸ್ ಕ್ರೋಮೋಸೋಮ್, ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಮೂರನೆಯದೂ ಹೆಣ್ಣಾಯಿತು ಅಂತ ಸೊಸೆಯನ್ನು ಬೈಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ, ಅಂಥ ಮನೆಯ ಮಕ್ಕಳೇ ಕ್ಲಾಸಿನಲ್ಲಿ ಕೂತಿರುತ್ತಾರೆ. ಇದನ್ನು ಬಿಟ್ಟರೆ ಹೇಗೆ?

ಶಾಲೆಯಲ್ಲಿ ವಾರಕ್ಕೊಂದು ಕೊಡೋ ನೀಲಿ ಮಾತ್ರೆ ಕಬ್ಬಿಣಾಂಶದ್ದು. ಊಟ ಆದ ಮೇಲೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಾದರೆ ಸಂಕಟ ಆಗುತ್ತೆ. ಯಾಕೆ ಕೊಡ್ತಾರೆ ಅಂತ ಗೊತ್ತಿಲ್ಲದ ಮಕ್ಕಳು ಅದನ್ನು ಕಿಟಕಿಯಿಂದ ಎಸೆಯುತ್ತಾರೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ನೀವಿಬ್ಬರೂ ಜೋರಾಗಿ ಓದಿ, ಮೊದಲ ಪುಟ ಕಷ್ಟ, ಆಮೇಲೆ ಸಲೀಸು. ನಾಲ್ಕೈದು ತಾಯಂದಿರು ಸೇರಿ ಹೋಗಿ ಮುಖ್ಯ ಶಿಕ್ಷಕರನ್ನೂ ಕೇಳಿ. ಪಾಠ ಮಾಡಲು ಹತ್ತಿರದ ಆರೋಗ್ಯ ಕೇಂದ್ರದ ನರ್ಸನ್ನು ಕರೆಸಬಹುದು.

ಪ್ರಶ್ನೆ: ಸರ್, ನಾನು ಏಳನೇ ತರಗತಿ. ಗ್ರಹಣದ ದಿನ ನಮ್ಮ ಅಜ್ಜಿ ತಟ್ಟೆಯಲ್ಲಿ ನೀರು ಹಾಕಿ ಒನಕೆ ನಿಲ್ಲಿಸ್ತಾರೆ. ಅದು ನಿಜವಾಗ್ಲೂ ನಿಲ್ಲುತ್ತೆ, ನಾನೇ ನೋಡಿದೀನಿ. ಗ್ರಹಣ ಬಿಟ್ಟ ಮೇಲೆ ಬೀಳುತ್ತೆ ಅಂತಾರೆ. ಇದು ವಿಜ್ಞಾನನಾ?
— ಒಬ್ಬ ವಿದ್ಯಾರ್ಥಿನಿ, ಚಿತ್ರದುರ್ಗ ಜಿಲ್ಲೆ

ಪುಟ್ಟಿ, ಈ ತಿಂಗಳ ಎಲ್ಲ ಪ್ರಶ್ನೆಗಳಿಗಿಂತ ನಿನ್ನದು ನನಗೆ ತುಂಬಾ ಹಿಡಿಸಿತು. ನೀನು ನೋಡಿದ್ದು ನಿಜ. ಒನಕೆ ನಿಂತಿತು. ಗ್ರಹಣದ ದಿನ ನಿಂತಿತು. ಆದರೆ ಗ್ರಹಣದಿಂದಲೇ ನಿಂತಿತಾ? ಇದನ್ನು ತಿಳಿಯೋಕೆ ಗ್ರಹಣ ಇಲ್ಲದ ದಿನವೂ ನಿಲ್ಲಿಸಿ ನೋಡಬೇಕು. ಅದನ್ನು ಯಾರಾದರೂ ಮಾಡಿದ್ದಾರಾ?

ಅದೇ ತಟ್ಟೆ, ಅದೇ ಒನಕೆ, ಅದೇ ಜಾಗ. ಅಜ್ಜಿಯ ಒಪ್ಪಿಗೆ ಕೇಳಿಕೊಂಡೇ ತಗೋ. ಮಾಮೂಲಿ ಒಂದು ಮಂಗಳವಾರ ಹತ್ತು ಸಲ ನಿಲ್ಲಿಸು, ನೀರು ಹಾಕಿ ಐದು ಸಲ, ಹಾಕದೆ ಐದು ಸಲ. ಎಷ್ಟು ಸಲ ನಿಂತಿತು ಬರೆದುಕೋ. ಬೇರೆ ಇನ್ನೊಂದು ದಿನ ಮತ್ತೆ ಹತ್ತು ಸಲ. ಒನಕೆಯ ತಳ ಹೇಗಿದೆ ನೋಡು, ಚಪ್ಪಟೆಯಾ, ಕಬ್ಬಿಣದ ಬಳೆ ಇದೆಯಾ? ಅಗಲ ಎಷ್ಟು ಅಳೆ. ತಳ ಸಮವಾಗಿದ್ದು, ಒನಕೆಯ ಭಾರ ಸರಿಯಾಗಿ ತಳದ ಮೇಲೇ ಬಿದ್ದರೆ ಅದು ಯಾವ ದಿನವಾದರೂ ನಿಲ್ಲುತ್ತೆ, ನಾನು ನಿಲ್ಲಿಸಿದ್ದೇನೆ. ಆದರೆ ನಾನು ಹೇಳಿದೆ ಅಂತ ನೀನು ನಂಬಬೇಡ.

ಇದು ಸಣ್ಣ ವಿಷಯ ಅಂತ ಯಾರಾದರೂ ಅಂದರೆ ಕೇಳಬೇಡ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರ ಅಂಗವೈಕಲ್ಯ ಇರುವ ಮಕ್ಕಳನ್ನು ಕುತ್ತಿಗೆ ತನಕ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು, ವಾಸಿಯಾಗುತ್ತೆ ಅನ್ನೋ ನಂಬಿಕೆಯಿಂದ. ಆ ಅಪ್ಪ ಅಮ್ಮಂದಿರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಹಿಂದೆ ಹೀಗೆ ಮಾಡಿ ಎಷ್ಟು ಮಕ್ಕಳಿಗೆ ವಾಸಿಯಾಗಿದೆ ಅಂತ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

2027ರ ಆಗಸ್ಟ್ 2ರಂದು ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ, ಮಧ್ಯಾಹ್ನದ ಮೇಲೆ. ಮೋಡ ಇಲ್ಲದಿದ್ದರೆ ರಟ್ಟಿಗೆ ಸಣ್ಣ ತೂತು ಮಾಡಿ ಬಿಸಿಲಿಗೆ ಹಿಡಿ, ನೆಲದ ಮೇಲೆ ಕಚ್ಚಿದ ಹಾಗಿರೋ ಸೂರ್ಯ ಬೀಳುತ್ತಾನೆ. ಬೆನ್ನು ಸೂರ್ಯನ ಕಡೆಗೇ ಇರಲಿ. ಬರೀ ಕಣ್ಣಿನಲ್ಲಾಗಲೀ ಎಕ್ಸ್‌ರೇ ಫಿಲ್ಮಿನಲ್ಲಾಗಲೀ ನೋಡಬೇಡ. ಅವತ್ತು ಒನಕೆಯನ್ನೂ ಹತ್ತು ಸಲ ನಿಲ್ಲಿಸು, ಮಂಗಳವಾರದ ಲೆಕ್ಕದ ಪಕ್ಕದಲ್ಲೇ ಅದನ್ನೂ ಬರೆ. ಗ್ರಹಣ ಬಿಟ್ಟ ಮೇಲೆ ಮುಟ್ಟದೆ ಹಾಗೇ ಬಿಟ್ಟು ಎಷ್ಟು ಹೊತ್ತು ನಿಂತಿರುತ್ತೆ ನೋಡು. ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೋ, ಒನಕೆ ನಿಲ್ಲಿಸೋದರಲ್ಲಿ ನಿನಗಿಂತ ಅವರ ಕೈ ಪಳಗಿರುತ್ತೆ. ಲೆಕ್ಕ ನನಗೆ ಕಳಿಸು, ಬಿದ್ದದ್ದನ್ನೂ ಬಿಡದೆ ಬರೆ.