ಒಂಬತ್ತನೇ ಕ್ಲಾಸಿನ ಮಗನಿಗೆ 30 ಸಾವಿರದೊಳಗೆ ಯಾವ ಲ್ಯಾಪ್‌ಟಾಪ್ ಕೊಡಿಸಬಹುದು?

ಮಗ ಒಂಬತ್ತನೇ ಕ್ಲಾಸು, ಪ್ರಾಜೆಕ್ಟು, ಪಿಪಿಟಿ, ಆನ್‌ಲೈನ್ ಟ್ಯೂಷನ್ನಿಗೆ ಲ್ಯಾಪ್‌ಟಾಪ್ ಬೇಕು, ಕೈಯಲ್ಲಿರುವುದು 30 ಸಾವಿರ, ಹೊಸದು ತಗೊಳ್ಳಲಾ ಸೆಕೆಂಡ್ ಹ್ಯಾಂಡಾ ಗೊತ್ತಾಗುತ್ತಿಲ್ಲ ಅಂತ ಕೇಳಿದ್ದೀರಿ. ನಾನೇನೂ ಕಂಪ್ಯೂಟರ್ ಪಂಡಿತನಲ್ಲ ಸರ್, ಹಾಸನದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವನು. ಆದರೆ ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದೇ ವರ್ಷದಲ್ಲಿ ಎರಡು ಲ್ಯಾಪ್‌ಟಾಪ್ ಕೊಡಿಸಿದ್ದೇನೆ. ಎರಡನೆಯದು ಯಾಕೆ ಬೇಕಾಯಿತು ಅಂತ ಹೇಳಿದರೆ ನಿಮಗೆ ಅರ್ಧ ಉತ್ತರ ಸಿಗುತ್ತದೆ.

ಮೊದಲನೆಯದು 2023ರಲ್ಲಿ, ಹೊಸದೇ, 22 ಸಾವಿರಕ್ಕೆ. ಡಬ್ಬ ಬಿಚ್ಚಿ ಅರಿಶಿನ ಕುಂಕುಮ ಇಟ್ಟಿದ್ದೂ ಆಯಿತು. ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ನನ್ನ ಫೋನಿನಲ್ಲೂ 64 ಜಿಬಿಯೇ ಇದೆ, ಸಾಕಲ್ವಾ ಅಂದುಕೊಂಡೆ. ವಿಂಡೋಸ್ ಒಂದೇ ಅದರಲ್ಲಿ ಅರ್ಧದಷ್ಟು ನುಂಗಿ ಕೂತಿತ್ತು. ಮೂರು ತಿಂಗಳಾದ ಮೇಲೆ ದೊಡ್ಡ ಅಪ್‌ಡೇಟ್ ಬಂತು, ಜಾಗ ಇಲ್ಲ ಅಂತ ಅರ್ಧಕ್ಕೇ ನಿಂತಿತು. ಮಗಳು ಫೋಟೋ, ಪಿಡಿಎಫ್ ಎಲ್ಲ ಪೆನ್‌ಡ್ರೈವಿಗೆ ಸಾಗಿಸಿದರೂ ಸಾಲಲಿಲ್ಲ. ಬೇರೆ ಹಾಕಿಸೋಣ ಅಂದರೆ ರಿಪೇರಿಯವರು ನಕ್ಕರು. ಅದು ಇಎಂಎಂಸಿ ಅನ್ನುವ ಚಿಪ್ಪು, ಬೋರ್ಡಿಗೇ ಬೆಸೆದಿರುತ್ತದೆ. ರ‍್ಯಾಮೂ ಹಾಗೇ.

ಅದೇ ಲ್ಯಾಪ್‌ಟಾಪಿನದ್ದು ಇನ್ನೊಂದು ಕಥೆ. ಸ್ಕೂಲಿನ ಕನ್ನಡ ಮೇಷ್ಟ್ರು ಗ್ರೂಪಿಗೆ ಪ್ರಶ್ನೆಪತ್ರಿಕೆಯ ವರ್ಡ್ ಫೈಲ್ ಹಾಕಿದ್ದರು. ತೆರೆದರೆ ಒಂದಕ್ಷರ ಕನ್ನಡ ಇಲ್ಲ, ತಲೆಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್, ಆ ಫಾಂಟ್ ಇಲ್ಲದಿದ್ದರೆ ಹಾಗೇ ಕಾಣುವುದು. ಸರಿ, ನುಡಿ ಹಾಕೋಣ ಅಂತ ಹೋದರೆ ಲ್ಯಾಪ್‌ಟಾಪ್ ಒಪ್ಪಲೇ ಇಲ್ಲ. ವಿಂಡೋಸ್ 'ಎಸ್ ಮೋಡ್'ನಲ್ಲಿ ಬಂದಿತ್ತು. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನಲ್ಲಿರುವುದನ್ನು ಬಿಟ್ಟು ಬೇರೇನೂ ಹಾಕಲು ಬಿಡುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಅದರಿಂದ ಹೊರಗೆ ಬರಬಹುದು, ದುಡ್ಡು ಬೇಕಿಲ್ಲ, ವಾಪಸ್ ಹೋಗಲು ಮಾತ್ರ ಆಗುವುದಿಲ್ಲ. ಇಷ್ಟು ಗೊತ್ತಾಗಲು ನಮಗೆ ಒಂದು ವಾರ ಹಿಡಿಯಿತು, ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಹಾಗಾಗಿ ಕೊಳ್ಳುವ ಮೊದಲು ಮಗನ ಸ್ಕೂಲಿನಲ್ಲಿ ಕನ್ನಡ ಫೈಲುಗಳನ್ನು ಯಾವುದರಲ್ಲಿ ಕಳಿಸುತ್ತಾರೆ ಅಂತ ಒಂದು ಮಾತು ಕೇಳಿ. ನುಡಿ ಅಂದರೆ ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್) ಆಸೆ ಬಿಡಿ, ನುಡಿ ವಿಂಡೋಸ್ ಸಾಫ್ಟ್‌ವೇರ್. ಸುಮ್ನೆ ಕನ್ನಡ ಟೈಪ್ ಮಾಡಲು ಮಾತ್ರವಾದರೆ ನುಡಿಯೇ ಬೇಕಿಲ್ಲ. 2019ರಿಂದ ವಿಂಡೋಸಿನಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ (ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಒತ್ತಿದರೆ ಕನ್ನಡ ಬರುವುದು) ಇದೆ, ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತುಬಿಡುತ್ತಾರೆ.

ಆ ಡಿಸೆಂಬರಿನಲ್ಲಿ ಅಕ್ಕನ ಮಗ ನನ್ನನ್ನು ಬೆಂಗಳೂರಿನ ಎಸ್.ಪಿ. ರೋಡಿಗೆ ಕರೆದುಕೊಂಡು ಹೋದ. ಕಂಪನಿಗಳು ಮೂರ‍್ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಒರೆಸಿ, ಕೆಟ್ಟದ್ದನ್ನು ಬದಲಾಯಿಸಿ ಮಾರುವ ಅಂಗಡಿಗಳು ಅಲ್ಲಿ ಸಾಲಾಗಿವೆ. 'ರಿಫರ್ಬಿಶ್ಡ್' ಅನ್ನುತ್ತಾರೆ. ಡೆಲ್ ಲ್ಯಾಟಿಟ್ಯೂಡ್ 7490 ತಗೊಂಡೆವು. ಎಂಟನೇ ಜನರೇಷನ್ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ಸ್ಟೋರೇಜ್), 21 ಸಾವಿರ. ಹೊಸದಕ್ಕಿಂತ ಒಂದು ಸಾವಿರ ಕಡಿಮೆ! ಮಗಳು ಈಗ ಪಿಯುಸಿ, ಅದರಲ್ಲೇ ಪೈಥಾನ್ ಕಲಿಯುತ್ತಿದ್ದಾಳೆ. ಕೀಬೋರ್ಡಂತೂ ನನ್ನ ಆಫೀಸಿನದ್ದಕ್ಕಿಂತ ಚೆನ್ನಾಗಿದೆ.

ಅಲ್ಲಿ ಅಕ್ಕನ ಮಗ ಮಾಡಿದ್ದನ್ನು ಹೇಳುತ್ತೇನೆ, ನೀವೂ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಮೆಮೊರಿ ಪುಟದ ಕೆಳಗೆ 'ಸ್ಲಾಟ್ಸ್ ಯೂಸ್ಡ್' ಅಂತ ಇರುತ್ತದೆ. ಎರಡರಲ್ಲಿ ಒಂದು ಅಂತಿದ್ದರೆ ಮುಂದೆ ಇನ್ನೊಂದು ರ‍್ಯಾಮ್ ಕಡ್ಡಿ ಸಿಕ್ಕಿಸಲು ಸಾಮಾನ್ಯವಾಗಿ ಜಾಗ ಇದೆ ಅಂತ. ಆಮೇಲೆ ಕಮಾಂಡ್ ಪ್ರಾಂಪ್ಟಿಗೆ ಹೋಗಿ ಬ್ಯಾಟರಿ ರಿಪೋರ್ಟ್ ತೆಗೆಸಿದ. ನಮ್ಮದರಲ್ಲಿ ಡಿಸೈನ್ ಕೆಪಾಸಿಟಿ, ಅಂದರೆ ಹೊಸದರಲ್ಲಿ ತುಂಬಬೇಕಾದದ್ದು, 60,000, ಈಗ ತುಂಬುವುದು 34,000 ಅಂತ ಬಂತು. 'ಅಣ್ಣಾ, ಇದು ಮುಕ್ಕಾಲು ಮುದುಕ ಆಗಿದೆಯಲ್ಲ' ಅಂದ. ಅಂಗಡಿಯವರು ಸ್ವಲ್ಪ ಹೊತ್ತು ವಾದ ಮಾಡಿ, ಕೊನೆಗೆ ಅದೇ ರೇಟಿಗೆ ಬೇರೆ ಬ್ಯಾಟರಿ ಹಾಕಿಕೊಟ್ಟರು. ನಮ್ಮೂರಿನ ಕರೆಂಟಿಗೆ ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಇದ್ದೂ ಒಂದೇ, ಇಲ್ಲದೆಯೂ ಒಂದೇ.

ಇನ್ನು ಒಂದೆರಡು ಎಚ್ಚರ. ಎಂಟನೇ ಜನರೇಷನ್ನಿಗಿಂತ ಹಳೆಯ ಇಂಟೆಲ್ ಬೇಡವೇ ಬೇಡ, ಎಷ್ಟೇ ಅಗ್ಗಕ್ಕೆ ಕೊಡಲಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಎಂಟನೆಯದಕ್ಕಿಂತ ಹಳೆಯ ಇಂಟೆಲ್ ಚಿಪ್ಪುಗಳಿಗೆ ಮೈಕ್ರೋಸಾಫ್ಟ್ ವಿಂಡೋಸ್ 11 ಕೊಡುವುದಿಲ್ಲ. ಒಂದೆರಡು ಅಪವಾದ ಇವೆ, ಅವನ್ನು ಹುಡುಕುತ್ತಾ ಕೂರಬೇಡಿ. ಐ5 ಆದಮೇಲೆ ಬರುವ ನಂಬರು 8ರಿಂದ ಶುರುವಾದರೆ ಎಂಟನೇ ಜನರೇಷನ್, ಉದಾಹರಣೆಗೆ 8350. ಬರೀ 'ಐ7 ಇದೆ ಸರ್' ಅಂದರೆ ಮರುಳಾಗಬೇಡಿ, ಹತ್ತು ವರ್ಷದ ಹಿಂದಿನದೂ ಐ7ನೇ. ಅಂಗಡಿಯಲ್ಲೇ ವೈಫೈ ಹಾಕಿಸಿ ನಿಮ್ಮ ಅಕೌಂಟಿನಲ್ಲಿ ಲಾಗಿನ್ ಮಾಡಿ ನೋಡಿ. ಯಾವುದೋ ಕಂಪನಿಯ ಹೆಸರು ಬಂದು ಅವರ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ. ಸ್ಕ್ರೀನನ್ನು ಪಕ್ಕದಿಂದಲೂ ನೋಡಿ, ಬಣ್ಣ ಮಾಸಿದಂತೆ ಕಂಡರೆ ಬೇರೆ ತೋರಿಸಲು ಹೇಳಿ. ಜಿಎಸ್‌ಟಿ ಬಿಲ್ಲು, ಆರು ತಿಂಗಳಾದರೂ ಗ್ಯಾರಂಟಿ, ಎರಡೂ ಬರಹದಲ್ಲಿ ಇರಲಿ.

ಹೊಸದೇ ಬೇಕು, ಬೆಂಗಳೂರಿಗೆ ಅಲೆಯಲು ಆಗಲ್ಲ ಅಂದರೆ ಅದೂ ತಪ್ಪಲ್ಲ. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದು ಇಂಟೆಲ್ ಐ3 1215ಯು ಅಥವಾ ಎಎಂಡಿ ಕಂಪನಿಯ ರೈಜನ್ 3 7320ಯು ಪ್ರೊಸೆಸರ್ ಇರುವುದನ್ನು ನೋಡಿ. ರೈಜನ್ ಇದರಲ್ಲಿ ಒಂದು ಮರ್ಮ ಇದೆ: 7 ನೋಡಿ ಹೊಸದು ಅನಿಸುತ್ತದೆ, ಆದರೆ ಮೂರನೇ ಅಂಕೆ 2 ಅಂದರೆ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ. ಹೋಂವರ್ಕಿಗೆ ಧಾರಾಳ ಸಾಕು. ಈ ರೈಜನ್ ಇರುವುದರಲ್ಲಿ ರ‍್ಯಾಮ್ ಮಾತ್ರ ಬೆಸೆದಿರುತ್ತದೆ, ಇವತ್ತು ಎಷ್ಟಿದೆಯೋ ಕೊನೆವರೆಗೂ ಅಷ್ಟೇ. 2025ರ ಕೊನೆಯಿಂದ ರ‍್ಯಾಮ್ ರೇಟು ಜಾಸ್ತಿಯಾಗಿದೆ, ಹಾಗಾಗಿ 30 ಸಾವಿರಕ್ಕೆ ಇಷ್ಟು ಸಿಗದೆ ಇದ್ದರೆ ಎಸ್‌ಎಸ್‌ಡಿಯನ್ನು 256ಕ್ಕೆ ಇಳಿಸಿ, 8 ಜಿಬಿಯನ್ನು ಇಳಿಸಬೇಡಿ. ನಿಮ್ಮ ಊರಿನಲ್ಲೇ ಸರ್ವಿಸ್ ಸೆಂಟರ್ ಇರುವ ಬ್ರ್ಯಾಂಡ್ ಆದರೆ ಒಳ್ಳೆಯದು. ನನ್ನ ಸ್ನೇಹಿತರೊಬ್ಬರು ಒಂದು ಕೀ ಕಿತ್ತುಹೋಗಿದ್ದಕ್ಕೆ ಮೈಸೂರಿಗೆ ಎರಡು ಸಲ ಬಸ್ ಹತ್ತಿದರು.

ನೆಂಟರ ಪೈಕಿ ಯಾರಾದರೂ ಇಂಜಿನಿಯರಿಂಗ್ ಹುಡುಗ ಬಂದು 'ಇನ್ನೊಂದು 30 ಸಾವಿರ ಹಾಕಿ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ ಅಂಕಲ್, ಕಾಲೇಜಿಗೂ ಆಗತ್ತೆ' ಅಂತ ಹೇಳಿಯೇ ಹೇಳುತ್ತಾನೆ. ಮಗ ಕಾಲೇಜಿಗೆ ಹೋಗಲು ಇನ್ನೂ ಮೂರ‍್ನಾಲ್ಕು ವರ್ಷ ಇದೆ. ಕಾಮರ್ಸ್ ತಗೊಂಡರೆ? ಅಷ್ಟರಲ್ಲಿ ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿರುತ್ತದೆ, ಆಟ ಮಾತ್ರ ಇವತ್ತೇ ಶುರುವಾಗುತ್ತದೆ.

ಎಂಎಸ್ ಆಫೀಸಿಗೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ, ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತದೆ, ಪಿಪಿಟಿಯನ್ನೂ ತೆರೆಯುತ್ತದೆ. ಉಳಿದ ದುಡ್ಡಿನಲ್ಲಿ ಒಂದು ವೈರ್ ಇರುವ ಮೌಸ್ ತಗೊಳ್ಳಿ. ಆ ಹಳೇ 22 ಸಾವಿರದ್ದರಲ್ಲಿ ಈಗ ವಿಂಡೋಸ್ ತೆಗೆಸಿ ಅದರ ಬದಲು ಲಿನಕ್ಸ್ ಹಾಕಿಸಿದ್ದೇನೆ. ನಮ್ಮಮ್ಮ ಅದರಲ್ಲಿ ಯಕ್ಷಗಾನ ನೋಡುತ್ತಾರೆ.