ನೇತ್ರಾವತಿಯಲ್ಲಿ ಟ್ರೌಟ್ ಸಿಗುತ್ತಾ? ಗಾಳ ಹಾಕುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಏಳು ವರ್ಷ ನಾರ್ವೆಯಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. ಅಲ್ಲಿ ರಜೆ ಸಿಕ್ಕಿದರೆ ಟ್ರೌಟ್, ಸಾಲ್ಮನ್ ಹಿಡಿಯಲು ಹೋಗುತ್ತಿದ್ದೆ. ರಾಡ್, ರೀಲ್ ಎಲ್ಲ ತಂದಿದ್ದೇನೆ. ನೇತ್ರಾವತಿಯಲ್ಲೋ ಘಟ್ಟದ ಬುಡದ ಹೊಳೆಗಳಲ್ಲೋ ಟ್ರೌಟ್ ಸಿಗಬಹುದಾ? ಇಲ್ಲಿ ‘ಇಂಡಿಯನ್ ಸಾಲ್ಮನ್’ ಅಂತ ಮಾರುತ್ತಾರಲ್ಲ, ಅದು ಯಾವ ಮೀನು? (ಓದುಗರು, ಬಿಜೈ, ಮಂಗಳೂರು)

ಉತ್ತರ: ಟ್ರೌಟ್ ಸಿಗುವುದಿಲ್ಲ. ಅದಕ್ಕೆ ತಣ್ಣಗಿನ, ಸದಾ ಹರಿಯುವ ನೀರು ಬೇಕು. ನೀರಿನ ಬಿಸಿ 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರುವಾಗುತ್ತದೆ. ನಮ್ಮ ಹೊಳೆಗಳ ನೀರು ಡಿಸೆಂಬರ್ ಬೆಳಗ್ಗೆ ಕೂಡ ಅದಕ್ಕಿಂತ ಬೆಚ್ಚಗಿರುತ್ತದೆ. ದಕ್ಷಿಣದಲ್ಲಿ ಟ್ರೌಟ್ ಇರುವುದು ನೀಲಗಿರಿಯ ಮೇಲಿನ ತೊರೆಗಳಲ್ಲಿ ಮತ್ತು ಮುನ್ನಾರ್ ಕಡೆಯ ಎತ್ತರದ ನೀರಿನಲ್ಲಿ. ಅಲ್ಲಿಯೂ ಅದು ಊರಿನ ಮೀನಲ್ಲ. ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟದ್ದು. ಊಟಿ ಹತ್ತಿರದ ಅವಲಾಂಚಿಯಲ್ಲಿ ಅದರ ಮರಿ ಮಾಡುವ ಕೇಂದ್ರ ಈಗಲೂ ಇದೆ.

ಇನ್ನು ನೀವು ಕೇಳಿದ ‘ಇಂಡಿಯನ್ ಸಾಲ್ಮನ್’ ನಮ್ಮ ರಾವಸ್. ಅದಕ್ಕೂ ನಾರ್ವೆಯ ಸಾಲ್ಮನ್‌ಗೂ ಏನೂ ಸಂಬಂಧವಿಲ್ಲ. ಮುಂದಿನ ಸಲ ಮೀನು ಮಾರ್ಕೆಟ್‌ಗೆ ಹೋದಾಗ ಒಂದು ರಾವಸನ್ನು ಕೈಯಲ್ಲಿ ಹಿಡಿದು ನೋಡಿ. ಎದೆಯ ರೆಕ್ಕೆಯ ಕೆಳಗೆ ಮೀಸೆಯ ಹಾಗೆ ನಾಲ್ಕು ಸಡಿಲ ಎಳೆಗಳು ಇಳಿದಿರುತ್ತವೆ. ಅದರ ವೈಜ್ಞಾನಿಕ ಹೆಸರಿನಲ್ಲಿರುವ ‘ಟೆಟ್ರಾಡ್ಯಾಕ್ಟೈಲಮ್’ ಎಂದರೆ ನಾಲ್ಕು ಬೆರಳಿನದು ಎಂದೇ ಅರ್ಥ. ಮೂತಿ ಬಾಯಿಗಿಂತ ಮುಂದೆ ಚಾಚಿರುತ್ತದೆ. ಕೆಸರು ನೀರಲ್ಲಿ ಕಣ್ಣು ಕಾಣದಿದ್ದರೂ ಆ ಎಳೆಗಳಿಂದ ನೆಲ ತಡವಿ ಸಿಗಡಿ ಹುಡುಕುವ ಮೀನು ಅದು. ಅಂಗಡಿಯ ಫ್ರೀಜರ್‌ನಲ್ಲಿರುವ ಕೇಸರಿ ಬಣ್ಣದ ಸಾಲ್ಮನ್ ವಿದೇಶದಲ್ಲಿ ಸಾಕಿ ಕಳಿಸಿದ್ದು. ಎರಡನ್ನೂ ಒಂದೇ ಎಂದು ಮಾರಿದರೆ ನಂಬಬೇಡಿ.

ನಿಮ್ಮ ಸಾಮಾನು ದಂಡವಾಗುವುದಿಲ್ಲ. ಸಾಲ್ಮನ್‌ಗೆ ಬಳಸುವ ಸ್ಪಿನ್ನಿಂಗ್ ರಾಡ್ ನಮ್ಮ ಅಳಿವೆಗೆ ಚೆನ್ನಾಗಿ ಆಗುತ್ತದೆ. ರೀಲ್ ಮಾತ್ರ ಪ್ರತಿ ಸಲ ಸಿಹಿನೀರಲ್ಲಿ ತೊಳೆದು ಒಣಗಿಸಿ. ಒಂದು ವಾರ ಉಪ್ಪು ಕೂತರೆ ಸಾಕು, ಬೇರಿಂಗ್ ಕಟಕಟ ಅನ್ನಲು ಶುರುವಾಗುತ್ತದೆ.

ಪ್ರಶ್ನೆ: ಸ್ವರ್ಣಾ ಹೊಳೆಯಲ್ಲಿ ಕೆಮ್ಮಣ್ಣು ಕಡೆ ಭಾನುವಾರ ಭಾನುವಾರ ಗಾಳ ಹಾಕುತ್ತೇನೆ. ಒಂದು ದಿನ ಒಳ್ಳೆ ಮೀನು ಸಿಕ್ಕಿದರೆ ಮುಂದಿನ ವಾರ ಅದೇ ಜಾಗ, ಅದೇ ಹೊತ್ತು, ಅದೇ ಸಿಗಡಿ. ಆದರೆ ಏನೂ ಇಲ್ಲ. ನನ್ನ ತಪ್ಪೆಲ್ಲಿ? ಕುರುಡಿ (ಸೀಬಾಸ್), ರಾವಸ್‌ಗೆ ಯಾವ ತಿಂಗಳು ಒಳ್ಳೆಯದು? (ಓದುಗರು, ಸಂತೆಕಟ್ಟೆ, ಉಡುಪಿ)

ಉತ್ತರ: ನಿಮ್ಮ ತಪ್ಪು ‘ಅದೇ ಹೊತ್ತು’ ಎನ್ನುವುದರಲ್ಲಿದೆ. ನೀವು ಗಡಿಯಾರ ನೋಡುತ್ತೀರಿ, ಮೀನು ಭರತ–ಇಳಿತ ನೋಡುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೋದ ಭಾನುವಾರ ಬೆಳಗ್ಗೆ ಆರಕ್ಕೆ ತುಂಬಿದ ಹೊಳೆ ಈ ಭಾನುವಾರ ಅದೇ ಆರಕ್ಕೆ ಖಾಲಿಯಾಗಿರುತ್ತದೆ. ಜಾಗ ಅದೇ, ಆದರೆ ಹೊಳೆ ಬೇರೆ.

ನಮ್ಮ ಕರಾವಳಿಯ ಹೊಳೆಗಳ ಗುಟ್ಟೇ ಇದು. ಕಡಲಿನ ಉಪ್ಪುನೀರು ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಮಂಗಳೂರು ಕಡೆ ದೊಡ್ಡ ಭರತಕ್ಕೂ ನೀರು ಏರುವುದು ಒಂದೂವರೆ ಮೀಟರ್ ಆಸುಪಾಸು ಅಷ್ಟೇ. ಆದರೆ ಹೊಳೆ ಆಳವಿಲ್ಲದ್ದರಿಂದ ಅಷ್ಟಕ್ಕೇ ಎಲ್ಲ ಬದಲಾಗುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ನೀರು ಹತ್ತುತ್ತದೆ. ಸಣ್ಣ ಮೀನು, ಸಿಗಡಿ, ಏಡಿಮರಿ ಎಲ್ಲ ಬೇರುಗಳ ನಡುವೆ ಹೋಗಿ ಸೇರುತ್ತವೆ. ಇಳಿತ ಶುರುವಾದಾಗ ಅವೆಲ್ಲ ಹೊರಗೆ ಬರಲೇಬೇಕು. ಕುರುಡಿ ಕಾಯುವುದು ಆ ಗಳಿಗೆಗೆ. ಇಳಿತದ ಮೊದಲ ಎರಡು ಗಂಟೆ, ತೋಡು ಬಂದು ಹೊಳೆಗೆ ಸೇರುವ ಬಾಯಲ್ಲಿ, ಅಥವಾ ಸೇತುವೆ ಕಂಬದ ಹಿಂದೆ ನೀರು ಸುತ್ತುವಲ್ಲಿ ಹಾಕಿ ನೋಡಿ. ಕುರುಡಿ ಓಡಿಸಿಕೊಂಡು ಹೋಗುವ ಮೀನಲ್ಲ, ಹೊಂಚು ಹಾಕುವ ಮೀನು. ನಡುಹೊಳೆಗೆ ಎಷ್ಟು ದೂರ ಎಸೆದರೂ ಸುಮ್ನೆ ಕೈ ನೋವು.

ರಾವಸ್ ಹಾಗಲ್ಲ. ಅದು ಅಳಿವೆ ಬಾಯಿಯ ಮರಳು ದಿಣ್ಣೆಗಳ ಮೇಲೆ ಗುಂಪಾಗಿ ಬೇಟೆಯಾಡುತ್ತದೆ. ನಿಮಗೆ ಹತ್ತಿರದ್ದು ಕೋಡಿ ಬೆಂಗ್ರೆ. ಸ್ವರ್ಣಾ, ಸೀತಾ ಎರಡೂ ಅಲ್ಲಿಯೇ ಕಡಲು ಸೇರುತ್ತವೆ. ಭರತ ಏರುತ್ತಾ ಬರುವಾಗ, ಬೆಳಕು ಹರಿಯುವ ಮೊದಲು ಅಲ್ಲಿರಿ. ದಕ್ಷಿಣಕ್ಕೆ ಹೋದರೆ ಶಾಂಭವಿ, ನಂದಿನಿ ಸೇರುವ ಸಸಿಹಿತ್ಲು, ಉತ್ತರಕ್ಕೆ ಪಂಚಗಂಗಾವಳಿಯ ಗಂಗೊಳ್ಳಿ ಅಳಿವೆ. ಕಾಣೆ ಮೀನು (ಲೇಡಿಫಿಶ್) ಬೇಕಿದ್ದರೆ ಶುದ್ಧ ಮರಳಿನ ತಳ ಹುಡುಕಿ. ಅದರ ಬಾಯಿ ಸಣ್ಣದು, ಗಾಳವೂ ಸಣ್ಣದಿರಲಿ. ತಂಗೂಸಿಯನ್ನು (ಗಾಳದ ನೈಲಾನ್ ದಾರ) ಬೆರಳ ಮೇಲೆ ಇಟ್ಟುಕೊಂಡು ಕೂತರೆ ಟುಕ್ ಟುಕ್ ಅಂತ ಎರಡು ಸಲ ಗೊತ್ತಾಗುತ್ತದೆ. ಮೊದಲ ಟುಕ್‌ಗೆ ಎಳೆಯಬೇಡಿ.

ತಿಂಗಳ ಲೆಕ್ಕ ಉಪ್ಪಿನ ಲೆಕ್ಕವೇ. ಜೂನ್‌ನಿಂದ ಆಗಸ್ಟ್ ತನಕ ಹೊಳೆ ಕೆಂಪಗೆ ತುಂಬಿ ಹರಿಯುತ್ತದೆ, ಉಪ್ಪು ಬಾಯಿಯ ತನಕ ಹಿಂದೆ ಸರಿಯುತ್ತದೆ. ಸೆಪ್ಟೆಂಬರ್ ಕೊನೆಗೆ ನೀರು ತಿಳಿಯಾಗುತ್ತದೆ. ಆಗಿನಿಂದ ನವೆಂಬರ್ ತನಕ ನನ್ನ ಪ್ರಕಾರ ವರ್ಷದ ಅತಿ ಒಳ್ಳೆ ಕಾಲ. ಆಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುತ್ತಾರೆ, ಮೇಲಿನ ಸಿಹಿನೀರು ಕಡಿಮೆಯಾಗುತ್ತದೆ, ಉಪ್ಪು ಒಳಗೆ ಒಳಗೆ ಹೋಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಳಿವೆಯಿಂದ ತುಂಬಾ ಮೇಲೆ, ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ಬದಿಯಲ್ಲೂ ಕೆಂಬೇರಿ, ಕುರುಡಿ ಸಿಗುವುದು ಇದಕ್ಕೇ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರಿನ ಸೆಳೆತ ಜಾಸ್ತಿ, ಮೀನಿನ ಓಡಾಟವೂ ಜಾಸ್ತಿ. ಒಂದು ಪುಸ್ತಕ ಇಟ್ಟುಕೊಂಡು ತಿಥಿ, ಭರತದ ಹೊತ್ತು, ಸಿಕ್ಕ ಮೀನು ಬರೆದಿಡಿ. ಒಂದು ವರ್ಷದಲ್ಲಿ ಆ ಹೊಳೆ ನಿಮಗೆ ಗೊತ್ತಾಗುತ್ತದೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಕುರುಡಿ ಗಂಡಾಗಿ ಬೆಳೆದು, ಕೆಲವು ವರ್ಷ ಕಳೆದ ಮೇಲೆ ಹೆಣ್ಣಾಗುವ ಮೀನು. ರಾವಸ್ ಕೂಡ ಹಾಗೆಯೇ. ಅಂದರೆ ಸಣ್ಣವು ಹೆಚ್ಚಾಗಿ ಗಂಡು, ತೀರಾ ದೊಡ್ಡವು ತಾಯಂದಿರು. ಹತ್ತು ಕಿಲೋದ ಕುರುಡಿ ಹಿಡಿದು ಫೋಟೋ ಹಾಕುವವರು ಹೊಳೆಯ ಮುಂದಿನ ವರ್ಷಗಳ ಮೊಟ್ಟೆಯನ್ನೇ ಮನೆಗೆ ಒಯ್ಯುತ್ತಾರೆ. ಕೆಲವು ವರ್ಷದ ಹಿಂದೆ ತಿಮ್ಮಣ್ಣ ಕುದ್ರು ಬದಿಯಲ್ಲಿ ನನಗೆ ಒಂದು ಸಿಕ್ಕಿತ್ತು, ನನ್ನ ತೋಳಿನಷ್ಟು ಉದ್ದ. ಟಾರ್ಚ್ ಬೆಳಕಿಗೆ ಕಣ್ಣು ಕೆಂಡದ ಹಾಗೆ ಹೊಳೆಯಿತು. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಬೆರಳು ಕೊಯ್ದು ರಕ್ತ ಬಂತು. ಗಾಳ ಬಿಡಿಸಿ, ಮುಖ ಸೆಳೆತಕ್ಕೆ ಎದುರಾಗಿ ನೀರಲ್ಲೇ ಹಿಡಿದುಕೊಂಡೆ. ಎರಡು ನಿಮಿಷ ಸುಮ್ಮನಿತ್ತು. ಆಮೇಲೆ ಬಾಲ ಒಮ್ಮೆ ಬಡಿದು, ಮುಖಕ್ಕೆ ನೀರು ಎರಚಿ ಹೋಯಿತು. ಆ ಖುಷಿ ತಿಂದಿದ್ದರೆ ಬರುತ್ತಿರಲಿಲ್ಲ. ಊಟಕ್ಕೆ ಮಧ್ಯಮ ಗಾತ್ರದ್ದು ಒಂದೆರಡು ಇಟ್ಟುಕೊಳ್ಳಿ, ಸಣ್ಣದನ್ನೂ ತೀರಾ ದೊಡ್ಡದನ್ನೂ ಬಿಡಿ.

ಪ್ರಶ್ನೆ: ಹನ್ನೆರಡು ವರ್ಷದ ಮಗ ಗಾಳ ಹಾಕಬೇಕೆಂದು ಹಟ ಹಿಡಿದಿದ್ದಾನೆ. ಅವನ ಮಾವ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ನನಗೆ ಹೆದರಿಕೆ. ಎಲ್ಲಿಗೆ ಕಳಿಸಬಹುದು? (ಓದುಗರು, ಸುರತ್ಕಲ್)

ಉತ್ತರ: ಕಳಿಸಿ ಅಮ್ಮ, ಆದರೆ ಜಾಗ ನೋಡಿ ಕಳಿಸಿ. ಮಳೆಗಾಲದಲ್ಲಿ ಬೇಡವೇ ಬೇಡ. ಬ್ರೇಕ್‌ವಾಟರ್ ಕಲ್ಲುಗಳ ಮೇಲೂ ಬೇಡ. ಆ ಕಲ್ಲಿಗೆ ಪಾಚಿ ಹಿಡಿದಿರುತ್ತದೆ, ಜಾರಿದರೆ ಕಲ್ಲಿನ ಸಂದಿಗೇ ಬೀಳುವುದು. ಕಿಂಡಿ ಅಣೆಕಟ್ಟಿನ ಕೆಳಗೆ ಇಳಿಯಬಾರದು. ಮರಳು ತೆಗೆದ ಹೊಳೆಯಲ್ಲಿ ಮೊಣಕಾಲು ನೀರಿನ ಪಕ್ಕದಲ್ಲೇ ಆಳು ಮುಳುಗುವ ಗುಂಡಿ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಹಾಗಾಗಿ ಮೊದಲ ವರ್ಷ ದಡದಿಂದ ಮಾತ್ರ, ನೀರಿಗೆ ಇಳಿಯುವ ಮಾತಿಲ್ಲ. ಪಾವಂಜೆ ಕಡೆಯ ತಗ್ಗಿನ ದಡ, ಬೆಳಗಿನ ಹೊತ್ತು, ಮಾವ ಪಕ್ಕದಲ್ಲೇ ಇರಬೇಕು, ಮೈಮೇಲೆ ಲೈಫ್ ಜಾಕೆಟ್.

ಅವನಿಗೆ ಮೊದಲು ಸಿಗುವುದು ಬಹುಶಃ ಶೇಡೆ ಮೀನು (ಕ್ಯಾಟ್‌ಫಿಶ್). ತುಳುವಿನ ತೇಡೆ. ಅದರ ಬೆನ್ನಿನಲ್ಲಿ ಒಂದು, ಎರಡು ಪಕ್ಕದಲ್ಲಿ ಒಂದೊಂದು ಗರಗಸದಂಥ ಮುಳ್ಳು ಇರುತ್ತದೆ. ಬರಿಗೈಯಲ್ಲಿ ಹಿಡಿಯಬಾರದು, ದಪ್ಪ ಬಟ್ಟೆ ಸುತ್ತಿ ಇಕ್ಕಳದಿಂದ ಗಾಳ ಬಿಡಿಸಬೇಕು. ಚುಚ್ಚಿದರೆ ವಿಪರೀತ ಉರಿ. ಗಾಯ ತೊಳೆದು, ಚರ್ಮ ಸುಡದಷ್ಟು, ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಯಾದರೂ ಕೈ ಮುಳುಗಿಸಿಡಿ. ಆ ನಂಜು ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ ಅಥವಾ ಊತ ಏರಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ತುಂಡಾದ ತಂಗೂಸಿಯನ್ನು ದಡದಲ್ಲಿ ಬಿಡದೆ ಜೇಬಿಗೆ ಹಾಕುವುದನ್ನು ಮೊದಲ ದಿನವೇ ಕಲಿಸಿ. ನೀರುಕಾಗೆಯ ಕಾಲಿಗೆ ಅದು ಸುತ್ತಿಕೊಂಡದ್ದನ್ನು ನಾನು ಬಿಡಿಸಿದ್ದೇನೆ, ಮಾಂಸದ ಒಳಗೇ ಇಳಿದಿತ್ತು.

ಪ್ರಶ್ನೆ: ಶಿಶಿಲದ ಕಪಿಲಾ ಹೊಳೆಯಲ್ಲಿ ಎಷ್ಟೊಂದು ದೊಡ್ಡ ಮೀನುಗಳಿವೆ. ದೇವಸ್ಥಾನದಿಂದ ಸ್ವಲ್ಪ ಕೆಳಗೆ ಹೋಗಿ, ಹಿಡಿದು ವಾಪಸ್ ಬಿಟ್ಟರೆ ತಪ್ಪೇನು? (ಓದುಗರು, ಉಜಿರೆ)

ಉತ್ತರ: ದಯವಿಟ್ಟು ಬೇಡ. ಅವು ಮಹಶೀರ್, ನಮ್ಮ ತುಳುವಿನ ಪೆರುವೊಳು. ಶಿಶಿಲೇಶ್ವರನ ಮೀನು ಎಂದು ಊರವರು ತಲೆಮಾರಿನಿಂದ ಕಾಪಾಡಿಕೊಂಡು ಬಂದದ್ದು. 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ರಾಶಿ ರಾಶಿ ಮೀನು ಸತ್ತವು. ಅದಾದ ಮೇಲೆ ಅಲ್ಲಿನವರು ಮತ್ತೆ ಕಾದು ಉಳಿಸಿದ್ದಾರೆ. ಮೀನಿಗೆ ದೇವಸ್ಥಾನದ ಗಡಿ ಗೊತ್ತಿಲ್ಲ, ಮೆಟ್ಟಿಲ ಬುಡದಲ್ಲಿ ಇದ್ದದ್ದೇ ಕೆಳಗಿನ ಗುಂಡಿಗೂ ಬರುತ್ತದೆ. ಮನುಷ್ಯರ ಕೈಯಿಂದ ತಿಂದು ಹೆದರಿಕೆ ಬಿಟ್ಟ ಮೀನಿಗೆ ಗಾಳ ಹಾಕುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯದ ಒಳಗಿನ ಸೀತಾ, ಸೌಪರ್ಣಿಕಾ ಹೊಳೆಗಳಲ್ಲೂ ಗಾಳ ತೆಗೆಯಬೇಡಿ. ಅಲ್ಲಿ ಅರಣ್ಯದ ಕಾನೂನೇ ಅಡ್ಡ ಬರುತ್ತದೆ.

ರಾಡ್ ಮನೆಯಲ್ಲಿಟ್ಟು ಒಂದು ಪೊಟ್ಟಣ ಮಂಡಕ್ಕಿ ಹಿಡಿದುಕೊಂಡು ಹೋಗಿ. ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಹಾಕಿ. ನೀರು ಕುದಿದ ಹಾಗೆ ಆಗುತ್ತದೆ, ಬೆರಳಗಲದ ಹುರುಪೆಗಳು ಬಿಸಿಲಿಗೆ ತಾಮ್ರದ ಹಾಗೆ ಮಿನುಗುತ್ತವೆ.