ಹೂಳೆತ್ತಿದ ಕೆರೆಗೆ ನೀರೇ ಬರ್ಲಿಲ್ಲ

ಸಿಸ್ಟಮ್ಸ್ ಥಿಂಕಿಂಗ್ ಅಂತಾರಲ್ಲ, ಅಂದ್ರೆ ಒಂದೊಂದನ್ನೇ ಬಿಡಿಯಾಗಿ ನೋಡದೆ ಒಂದಕ್ಕೊಂದು ಹೇಗೆ ಹೆಣ್ಕೊಂಡಿದೆ ಅಂತ ಒಟ್ಟಿಗೆ ನೋಡೋದು, ಅದನ್ನ ಊರಿನ ಪ್ಲಾನಿಂಗಿಗೆ, ಸರ್ಕಾರದ ಪಾಲಿಸಿಗೆ ನಿಜವಾಗ್ಲೂ ಬಳಸೋಕಾಗುತ್ತಾ ಅಂತ ಕೇಳಿದೀರ. ಆ ಹೆಸರು ಕೇಳಿದ್ರೆ ನಂಗೂ ಪಿಪಿಟಿನೇ ನೆನಪಾಗೋದು, ಅದಕ್ಕೆ ನಮ್ಮ ಕೋಲಾರದ ನೀರಿನ ಕಥೆ ಹೇಳ್ತೀನಿ.

ನಮ್ಕಡೆ ವರ್ಷವಿಡೀ ಹರಿಯೋ ಹೊಳೆ ಇಲ್ಲ, ಇರೋದೆಲ್ಲ ಕೆರೆ. ಮೇಲಿನ ಕೆರೆ ಕೋಡಿ ಬಿದ್ರೆ ಕೆಳಗಿನದಕ್ಕೆ ನೀರು, ಹೀಗೇ ಸಾಲಾಗಿ. ಮೊದ್ಲು ನೀರುಗಂಟಿ ಅಂತ ಒಬ್ರು ಇರ್ತಿದ್ರು, ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೀರು ಬಿಡ್ತಿದ್ದೋರು ಅವ್ರೇ, ಕಾಲುವೆ ಕಟ್ಕೊಂಡ್ರೆ ಊರೋರನ್ನ ಕರ್ಕೊಂಡೋಗಿ ಬಿಡಿಸ್ತಿದ್ದೋರೂ ಅವ್ರೇ. ಆಮೇಲೆ ಬೋರು ಬಂತು. ಸ್ವಿಚ್ಚೇ ನಮ್ಮ ಕೈಲಿದ್ಮೇಲೆ ನೀರುಗಂಟಿ ಯಾಕೆ, ಕೆರೆ ಯಾಕೆ? ಹೂಳು ತುಂಬ್ತು, ಮೇಲ್ಗಡೆ ನೀಲಗಿರಿ ಎದ್ವು, ರಾಜಕಾಲುವೆ ಒತ್ತುವರಿ ಆಯ್ತು, ಕೆರೆ ತುಂಬದೆ ನೀರು ಇಂಗೋದು ಕಮ್ಮಿಯಾಯ್ತು, ಬೋರು ಬತ್ತಿದ್ವು, ಬತ್ತಿದ್ದಕ್ಕೆ ಇನ್ನೂ ಆಳ ಕೊರೆಸಿದ್ವಿ. ಅಪ್ಪ ಮೊದ್ಲು ಕೊರೆಸಿದ್ದು 220 ಅಡಿ, ಕೊನೇದು 1,300. ಅಂಗೈಲಿ ತೆಂಗಿನಕಾಯಿ ಇಟ್ಕೊಂಡು ಪಾಯಿಂಟ್ ತೋರಿಸಿದೋರಿಗೂ ದುಡ್ಡು, ಬೋರ್ ಲಾರಿಗೂ ದುಡ್ಡು, ಎದ್ದಿದ್ದು ಬರೀ ಧೂಳು.

ಇದ್ರಲ್ಲಿ ಯಾರೂ ದಡ್ಡರಲ್ಲ, ಅದೇ ನೋಡಿ ತಮಾಷೆ. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ, ಆದ್ರೆ ಯಾವ ಹೊತ್ತಲ್ಲಿ ಕೊಡ್ತಾರೋ ದೇವ್ರಿಗೇ ಗೊತ್ತು. ರಾತ್ರಿ 2 ಗಂಟೆಗೆ ಎದ್ದು ತೋಟಕ್ಕೆ ಹೋಗೋರ್ಯಾರು? ಎಲ್ರೂ ಆಟೋ ಸ್ಟಾರ್ಟರ್ ಹಾಕ್ಸಿದ್ರು. ಕರೆಂಟ್ ಬಂದಿದ್ದೇ ತಡ ಊರಿನ ಮೋಟರೆಲ್ಲ ಒಟ್ಟಿಗೆ ಗುಂಯ್ ಅಂತವೆ, ಟ್ರಾನ್ಸ್‌ಫಾರ್ಮರ್ ಸುಟ್ಟೋಗುತ್ತೆ, ಅದು ರಿಪೇರಿ ಆಗೋ ತನಕ ಬೆಳೆ ಒಣಗುತ್ತೆ, ಆ ಭಯಕ್ಕೆ ಮುಂದಿನ ಸಲ ಬೇಕಿದ್ರೂ ಬೇಡದಿದ್ರೂ ಎಳ್ಕೊಳ್ಳೋದು. ಡ್ರಿಪ್ಪಿಗೆ ಸಬ್ಸಿಡಿ ಕೊಟ್ರು, ಉಳಿದ ನೀರಲ್ಲಿ ಇನ್ನೊಂದೆಕರೆ ಟೊಮೇಟೊ ಹಾಕಿದ್ವಿ (ನಾನೂ ಹಾಕಿದೀನಿ, ಸುಳ್ಳು ಯಾಕೆ ಹೇಳ್ಲಿ).

2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಬಂತು, ಬೆಂಗಳೂರಿನ ಕೊಳಚೆನೀರನ್ನ ಎರಡು ಹಂತ ಶುದ್ಧಿ ಮಾಡಿ ದಿನಕ್ಕೆ 44 ಕೋಟಿ ಲೀಟರ್ ನಮ್ಮ ಕೆರೆಗಳಿಗೆ ಬಿಡೋ ಯೋಜನೆ. ಅಲ್ಲಿ ಯಾರೋ ಫ್ಲಶ್ ಮಾಡಿದ ಕಾವೇರಿ ಇಲ್ಲಿ ನಮ್ಮ ಬೋರಿಗೆ ಬಂತು ಅನ್ನಿ. ಮೂರನೇ ಹಂತದ ಶುದ್ಧೀಕರಣನೂ ಆಗ್ಲೇಬೇಕು ಅಂತ ಇಲ್ಲಿನೋರು ಕೇಳ್ತಿರೋದು ನ್ಯಾಯನೇ. ಆದ್ರೆ ಕೆರೆ ತುಂಬಿ ಬೋರಲ್ಲಿ ನೀರು ಮೇಲೆ ಬಂದ್ಮೇಲೆ ಎಷ್ಟು ಎಳೀಬೇಕು ಅನ್ನೋ ಮಾತು ಯಾವ ಮೀಟಿಂಗಲ್ಲೂ ನಂಗೆ ಕೇಳಿಲ್ಲ.

ಹಾಗಾಗಿ ನನ್ನ ಪ್ರಕಾರ ಸಿಸ್ಟಮ್ಸ್ ಥಿಂಕಿಂಗ್ ಬಳಸೋದು ಅಂದ್ರೆ ಇಷ್ಟೇ, ಒಂದು ಸ್ಕೀಮ್ ಬರುತ್ತೆ ಅಂದಾಗ 'ಇದು ಬಂದ ಮಾರನೇ ದಿನ ಜನ ಏನು ಮಾಡ್ತಾರೆ' ಅಂತ ಗ್ರಾಮಸಭೇಲಿ ಕೇಳಿ, ಆಮೇಲೆ 'ಅದಕ್ಕೆ ಏನಾಗುತ್ತೆ' ಅಂತ ಇನ್ನೊಂದ್ಸಲ ಕೇಳಿ. ನಾವು ಕೇಳ್ಲಿಲ್ಲ. ಉದ್ಯೋಗ ಖಾತ್ರೀಲಿ ಕೆರೆ ಹೂಳೆತ್ತಿದ್ವಿ, ಫೋಟೋನೂ ಹೊಡೆಸ್ಕೊಂಡ್ವಿ, ಮಳೆ ಬಂದ್ರೆ ನೀರೇ ಬರ್ಲಿಲ್ಲ. ಕಾಲುವೆ ಇರೋದು ಪಕ್ಕದ ಪಂಚಾಯ್ತೀಲಿ, ನಮ್ಮ ಕ್ರಿಯಾಯೋಜನೇಲಿ ಅದು ಇಲ್ವೇ ಇಲ್ಲ! ಕೊನೆಗೆ ನೀರುಗಂಟಿ ಮನೆತನದ ತಾತನ್ನ ಕರ್ಕೊಂಡು ಕಾಲುವೆ ಉದ್ದಕ್ಕೂ ನಡೆದ್ವಿ. ಒಂದ್ಕಡೆ ನಿಂತು ಕೋಲಲ್ಲಿ ತೋರಿಸಿದ್ರು, ರಸ್ತೆ ಮೋರೀನ ಕಾಲುವೆ ಮಟ್ಟಕ್ಕಿಂತ ಒಂದಡಿ ಎತ್ತರಕ್ಕೆ ಕೂರಿಸಿದಾರೆ. ಇಳಿಸ್ಕೊಡಿ ಅಂತ ಅರ್ಜಿ ಕೊಟ್ಟಿದೀವಿ, ಅದು ಬೇರೆ ಇಲಾಖೆಗೆ ಬರುತ್ತಂತೆ.